ಜೆಸಿಬಿ ಇಳಿಸುವ ಮೊದಲು ಕಾವಲಿನ ಮೇಲ್ಮಣ್ಣು ನೋಡಿ

ಮಾನ್ಯ ಅರಣ್ಯ ಸಚಿವರಿಗೆ ನಮಸ್ಕಾರ,

ಮಳೆಗಾಲ ಬಂತೆಂದರೆ ಬಯಲುಸೀಮೆಯಲ್ಲಿ ಸಸಿ ನೆಡುವ ಕೆಲಸ ಶುರುವಾಗುತ್ತದೆ. ಮರ ನೆಡಬೇಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಚಳ್ಳಕೆರೆ ಕಡೆಯ ಅಮೃತ ಮಹಲ್ ಕಾವಲುಗಳಂಥ (ದನ ಮೇಯಲು ಬಿಟ್ಟ ಹುಲ್ಲುಗಾವಲು) ಜಾಗವನ್ನು ಕಡತದಲ್ಲಿ 'ಬಂಜರು' ಅಂತ ಬರೆದು ಜೆಸಿಬಿ ಇಳಿಸುವುದು ದೊಡ್ಡ ತಪ್ಪು.

ಹುಲ್ಲುಗಡ್ಡೆಗಳ ನಡುವೆ ನೆಲ ಖಾಲಿ ಕಾಣುತ್ತದೆ, ಅಲ್ವಾ? ಮೇಲೆ ಕಪ್ಪಗೆ, ಒರಟಾಗಿ ಒಂದು ತೆಳು ಹೆಪ್ಪಳಿಕೆ ಇರುತ್ತದೆ. ಅದಕ್ಕೆ ಜೀವ ಇದೆ. ನೀಲಿ-ಹಸಿರು ಪಾಚಿ, ಕಲ್ಲುಹೂವಿನ ಜಾತಿಯವು, ಹಾವಸೆ ಎಲ್ಲ ಸೇರಿ ಕಟ್ಟಿದ ಪದರ ಅದು. ಬೇಸಿಗೆಯಲ್ಲಿ ಒಣಗಿ ಸುಮ್ನೆ ಮಲಗಿರುತ್ತದೆ, ನಾಲ್ಕು ಹನಿ ಬಿದ್ದರೆ ಸಾಕು, ಸ್ವಲ್ಪ ಹೊತ್ತಿಗೇ ಹಸಿರಾಗುತ್ತದೆ. ಪಾಚಿಯ ಎಳೆಗಳು ಅಂಟು ಬಿಟ್ಟು ಮಣ್ಣಿನ ಕಣಗಳನ್ನು ಹೊಲಿಗೆ ಹಾಕಿದಂತೆ ಹಿಡಿಯುತ್ತವೆ, ಹಾಗಾಗಿ ಆಷಾಢದ ಗಾಳಿಗೆ ಮಣ್ಣು ಹಾರುವುದು, ಜೋರು ಮಳೆಗೆ ಕೊಚ್ಚಿ ಹೋಗುವುದು ಎರಡೂ ಕಡಿಮೆ. ಈ ಪದರ ಗಾಳಿಯ ಸಾರಜನಕವನ್ನೂ ಮಣ್ಣಿಗೆ ಸೇರಿಸುತ್ತದೆ. ಯಾರೂ ಯೂರಿಯಾ ಹಾಕದ ಕಾವಲಲ್ಲಿ ಹುಲ್ಲು ಬೆಳೆಯುವುದರಲ್ಲಿ ಇದರ ಪಾಲೂ ಇದೆ. ಪ್ರಪಂಚದ ನೆಲದಲ್ಲಿ ಸುಮಾರು 12% ಭಾಗ ಇಂಥ ಪದರದ ಕೆಳಗಿದೆ ಎನ್ನುತ್ತದೆ ಒಂದು ಅಂದಾಜು.

ಕುರಿ ಗೊರಸಿಗೂ ಇದು ಒಡೆಯುತ್ತದೆ, ನಿಜ. ಆದರೆ ಮಂದೆ ಮುಂದೆ ಹೋದಮೇಲೆ ಚೂರುಗಳು ಅಲ್ಲೇ ಇರುತ್ತವೆ, ಮತ್ತೆ ಬೆಸೆದುಕೊಳ್ಳಬಹುದು. ಸಸಿ ನೆಡಲು ಜೆಸಿಬಿಯಲ್ಲಿ ಟ್ರೆಂಚ್ ಹೊಡೆದರೆ ಪದರ ಅಡಿಗೆ ಹೋಗಿ ಬೆಳಕಿಲ್ಲದೆ ಸಾಯುತ್ತದೆ. ಪಾಚಿ ಕೆಲವು ವರ್ಷಕ್ಕೆ ಬರಬಹುದು, ಕಲ್ಲುಹೂವು ಬರಲು ದಶಕಗಳೇ ಬೇಕು.

ಚೀನಾದ ಶಾಪೊಟೌ ಎಂಬ ಮರುಭೂಮಿ ಜಾಗದಲ್ಲಿ ರೈಲು ಹಳಿ ಮರಳಲ್ಲಿ ಮುಚ್ಚಿಹೋಗದಿರಲಿ ಅಂತ 1956ರಿಂದ ಒಣಹುಲ್ಲನ್ನು ಮರಳಿಗೆ ಚುಚ್ಚಿ ಒಂದೊಂದು ಮೀಟರಿನ ಚೌಕ ಮಾಡಿದರು. ಮರಳು ನಿಂತಮೇಲೆ ಪದರ ತಾನಾಗಿಯೇ ಕಟ್ಟಿತು, ಈಗ ಅಲ್ಲಿ ಪಾಚಿಯನ್ನು ಬೆಳೆಸಿ ಮರಳಿಗೆ ಸಿಂಪಡಿಸುವುದೂ ಇದೆ. ಅಷ್ಟು ಕಷ್ಟಪಟ್ಟು ಅವರು ತರಿಸಿದ್ದು ನಮ್ಮಲ್ಲಿ ಪುಕ್ಕಟೆ ಇದೆ, ಸ್ವಾಮಿ.

ಹಾಗಾಗಿ ಕೇಳುವುದಿಷ್ಟೇ. ಕಾವಲು, ಹುಲ್ಲುಗಾವಲುಗಳಲ್ಲಿ ಯಂತ್ರದಿಂದ ನೆಲ ತೋಡುವುದನ್ನು ನಿಲ್ಲಿಸಲು ಆದೇಶ ಮಾಡಿ. ತೋಡಲೇಬೇಕಾದ ಕಡೆ ಮೊದಲು ಮೇಲಿನ ಒಂದೆರಡು ಸೆಂಟಿಮೀಟರ್ ಮಣ್ಣನ್ನು ಒಣಗಿದ್ದಾಗಲೇ ಕೆರೆದು, ಚೀಲದಲ್ಲಿ ಒಣಗಿದ್ದಂತೆಯೇ ಇಟ್ಟು, ಕೆಲಸ ಮುಗಿದಮೇಲೆ ಅದೇ ನೆಲಕ್ಕೆ ಚೆಲ್ಲಿಸಿ. ಇದಕ್ಕೆ ಜಾಸ್ತಿ ಖರ್ಚಿಲ್ಲ, ಅದೇ ಊರಿನ ಕೂಲಿಯವರೇ ಮಾಡಬಲ್ಲರು. ಈ ಸಲದ ನೆಡುತೋಪಿನ ಪಟ್ಟಿಗೆ ಸಹಿ ಹಾಕುವ ಮೊದಲು ದಯವಿಟ್ಟು ಇದನ್ನು ಸೇರಿಸಿ.

ಇಂತಿ,
ಬಯಲುಸೀಮೆಯ ಒಬ್ಬ ಮತದಾರ