ಅಮೆರಿಕಕ್ಕೆ ಮಕ್ಕಳ ಮನೆಗೆ ಹೊರಟಿದ್ದೀರಾ? ಹಕ್ಕಿಗಳೂ ಹೊರಟಿವೆ

ಮಾನ್ಯ ಸಂಪಾದಕರೇ,

ಬೇಸಿಗೆಗೆ ಅಮೆರಿಕದ ಮಕ್ಕಳ ಮನೆಗೆ ಹೋಗುವ ಅಪ್ಪ-ಅಮ್ಮಂದಿರಿಗೆ ಅಂತ ನಿಮ್ಮ ಪತ್ರಿಕೆಯಲ್ಲಿ ಈಚೆಗೆ ಬಂದ ಲೇಖನ ಓದಿದೆ. ಇನ್ಶೂರೆನ್ಸ್, ಮಾತ್ರೆ ಚೀಟಿ, ಉಪ್ಪಿನಕಾಯಿ ಸೋರದ ಹಾಗೆ ಪ್ಯಾಕ್ ಮಾಡೋದು, ಏರ್‌ಪೋರ್ಟಲ್ಲಿ ವ್ಹೀಲ್‌ಚೇರ್ ಕೇಳೋದು, ಎಲ್ಲ ಚೆನ್ನಾಗಿ ಬರೆದಿದ್ದಾರೆ. ಆದರೆ ಬಂದಿಳಿದು ಸ್ವಲ್ಪ ದಿನ ಕಳೆದ ಮೇಲೆ ಶುರುವಾಗುತ್ತಲ್ಲ ನಿಜವಾದ ಕಷ್ಟ, ಅದರ ಬಗ್ಗೆ ಒಂದು ಮಾತೂ ಇಲ್ಲ. ಮಗ-ಸೊಸೆ ಕೆಲಸಕ್ಕೆ ಹೋಗುತ್ತಾರೆ, ಮೊಮ್ಮಕ್ಕಳು ಸ್ಕೂಲಿಗೆ. ರಸ್ತೆಯಲ್ಲಿ ನರಪಿಳ್ಳೆ ಕಾಣಲ್ಲ. ಕಾರಿಲ್ಲದೆ ಎಲ್ಲೂ ಹೋಗೋ ಹಾಗಿಲ್ಲ. ಸೀರಿಯಲ್ಲು ಎಷ್ಟು ಅಂತ ನೋಡೋದು?

ನಾನು ನ್ಯೂಜೆರ್ಸಿಯಲ್ಲಿ ಬಹಳ ವರ್ಷಗಳಿಂದ ಇದ್ದೇನೆ. ಅತ್ತೆ-ಮಾವ, ಅಪ್ಪ-ಅಮ್ಮ ಎಲ್ಲರೂ ಬಂದು ಇದ್ದು ಹೋಗಿದ್ದಾರೆ. ಹಾಗಾಗಿ ಆ ಲೇಖನಕ್ಕೆ ನನ್ನದೊಂದು ಸಲಹೆ ಸೇರಿಸುತ್ತೇನೆ. ಮಕ್ಕಳ ಹಿತ್ತಲಲ್ಲಿ ಒಂದು ಹಮ್ಮಿಂಗ್‌ಬರ್ಡ್ ಫೀಡರ್ (ಹೂವಿನ ಮಕರಂದ ಕುಡಿಯುವ ಆ ಪುಟ್ಟ ಹಕ್ಕಿಗೆ ಸಕ್ಕರೆ ನೀರು ತುಂಬಿಡುವ ಡಬ್ಬಿ) ತೂಗುಹಾಕಿಸಿ, ಅದರ ಪೂರ್ತಿ ಜವಾಬ್ದಾರಿ ನೀವೇ ತೊಗೊಳ್ಳಿ. ಮಕ್ಕಳ ಕೈಗೆ ಕೊಡಬೇಡಿ. ಅವರು ಉತ್ಸಾಹದಿಂದ ಫೀಡರ್ ತರುತ್ತಾರೆ, ಒಂದು ಫೋಟೋ ಹಾಕುತ್ತಾರೆ, ಆಮೇಲೆ ಮೂರು ವಾರ ಅದರ ಕಡೆ ತಿರುಗಿಯೂ ನೋಡಲ್ಲ. ಅಷ್ಟರಲ್ಲಿ ಒಳಗಿನ ನೀರು ಕದಡಿ, ಕಪ್ಪು ಬೂಷ್ಟು ಹಿಡಿದು, ಹಕ್ಕಿಗೆ ಉಪಕಾರ ಹೋಗಿ ಅಪಕಾರ ಆಗಿರುತ್ತೆ. ಈ ಕೆಲಸಕ್ಕೆ ಬೇಕಾದದ್ದು ಹಗಲುಹೊತ್ತಿನ ಬಿಡುವು. ಅದು ಇಲ್ಲಿ ಇರೋದು ನಿಮ್ಮ ಹತ್ತಿರ ಮಾತ್ರ.

ಈ ಹಕ್ಕಿ ನಮ್ಮ ದೇಶದಲ್ಲಿ ಇಲ್ಲ. ದಾಸವಾಳದ ಗಿಡಕ್ಕೆ ಬರುವ ಸೂರಕ್ಕಿಯನ್ನೇ ಹಮ್ಮಿಂಗ್‌ಬರ್ಡ್ ಅಂದುಕೊಂಡವರು ತುಂಬಾ ಜನ ಇದ್ದಾರೆ, ಅವೆರಡೂ ಬೇರೆ ಬೇರೆ ಕುಟುಂಬ. ಹಮ್ಮಿಂಗ್‌ಬರ್ಡ್ ಇರೋದು ಉತ್ತರ, ದಕ್ಷಿಣ ಅಮೆರಿಕ ಖಂಡಗಳಲ್ಲಿ ಮಾತ್ರ. ಅಮೆರಿಕದ ಪೂರ್ವಭಾಗದಲ್ಲಿ ಗೂಡು ಕಟ್ಟುವುದು ಒಂದೇ ಜಾತಿ, ರೂಬಿ ಥ್ರೋಟೆಡ್ ಅಂತ. ತೂಕ 3 ಗ್ರಾಂ ಆಸುಪಾಸು. ಚಳಿಗಾಲವನ್ನು ಮೆಕ್ಸಿಕೊದಲ್ಲೋ ಮಧ್ಯ ಅಮೆರಿಕದಲ್ಲೋ ಕಳೆದು ವಸಂತಕ್ಕೆ ಉತ್ತರಕ್ಕೆ ಬರುತ್ತೆ. ಎಷ್ಟೋ ಹಕ್ಕಿಗಳು ಮೆಕ್ಸಿಕೊ ಕೊಲ್ಲಿಯನ್ನು ಒಂದೇ ಹಾರಾಟದಲ್ಲಿ ದಾಟುತ್ತವೆ. ಸುಮಾರು 800 ಕಿಲೋಮೀಟರ್ ನೀರಿನ ಮೇಲೆ, ನಡುವೆ ಕೂರಲು ಒಂದು ಕಡ್ಡಿಯೂ ಇಲ್ಲ. ಹೊರಡುವ ಮೊದಲು ತಿಂದೂ ತಿಂದೂ ಕೊಬ್ಬು ಸೇರಿಸಿಕೊಂಡು ತೂಕವನ್ನು ಹತ್ತಿರ ಹತ್ತಿರ ಎರಡರಷ್ಟು ಮಾಡಿಕೊಳ್ಳುತ್ತವೆ. ಆ ಕೊಬ್ಬೇ ದಾರಿಯ ಬುತ್ತಿ. ಆಮೇಲೆ ಇಲ್ಲೇ ಮರಿ ಮಾಡಿ ಅಕ್ಟೋಬರ್ ಹೊತ್ತಿಗೆ ವಾಪಸ್. ನಿಮ್ಮ ಆರು ತಿಂಗಳ ವಾಸವೂ ಹೆಚ್ಚುಕಡಿಮೆ ಅದೇ ಲೆಕ್ಕ ಅಲ್ವಾ?

ನಮ್ಮ ಕಡೆ ಅವು ಬರೋದು ಏಪ್ರಿಲ್ ಮಧ್ಯದಿಂದ ಕೊನೆಯೊಳಗೆ. ಟೆಕ್ಸಸ್, ಜಾರ್ಜಿಯಾ ಕಡೆ ಮಕ್ಕಳಿದ್ದರೆ ಮಾರ್ಚಿಗೇ ಬಂದಿರುತ್ತವೆ. ಮಿಷಿಗನ್, ಮಿನೆಸೋಟಾದವರು ಮೇ ತಿಂಗಳವರೆಗೆ ಕಾಯಬೇಕು. ಮೊದಲು ಗಂಡುಗಳು ಬರುತ್ತವೆ, ಸ್ವಲ್ಪ ದಿನ ಬಿಟ್ಟು ಹೆಣ್ಣುಗಳು. ಕ್ಯಾಲಿಫೋರ್ನಿಯಾದಲ್ಲಿ, ಸಿಯಾಟಲ್‌ನಲ್ಲಿ ಇರುವವರ ಕಥೆಯೇ ಬೇರೆ. ಅಲ್ಲಿ ಆನ್ನಾಸ್ ಅನ್ನುವ ಜಾತಿ ವರ್ಷಪೂರ್ತಿ ಇರುತ್ತೆ, ಕಾಯುವ ಮಾತೇ ಇಲ್ಲ.

ಈಗ ಅಡುಗೆ ವಿಷಯ. ಒಂದು ಲೋಟ ಬಿಳಿ ಸಕ್ಕರೆ, ಅದೇ ಲೋಟದಲ್ಲಿ ನಾಲ್ಕು ಲೋಟ ನೀರು. ಬಿಸಿ ನೀರಲ್ಲಿ ಕರಗಿಸಿ, ಪೂರ್ತಿ ಆರಿಸಿ, ಫೀಡರಿಗೆ ಹಾಕಿ. ಉಳಿದದ್ದನ್ನು ಫ್ರಿಜ್ಜಲ್ಲಿಡಿ. ಅಷ್ಟೇ, ಇನ್ನೇನೂ ಹಾಕಬಾರದು.

ಈ "ಇನ್ನೇನೂ ಹಾಕಬಾರದು" ಅನ್ನುವ ಕಡೆಯೇ ನಮ್ಮ ಮನೆಯಲ್ಲಿ ದೊಡ್ಡ ಚರ್ಚೆ ಆಗಿದ್ದು. ನಮ್ಮತ್ತೆ ಒಲೆ ಪಕ್ಕ ನಿಂತು ಸಕ್ಕರೆ ಡಬ್ಬಿ ನೋಡಿದವರೇ, "ಪಾಪ, ಅಷ್ಟು ದೂರದಿಂದ ಬಂದಿವೆ, ಬರೀ ಸಕ್ಕರೆ ನೀರು ಕೊಡ್ತೀಯೇನಮ್ಮ? ಒಂಚೂರು ಬೆಲ್ಲ ಹಾಕು" ಅಂದರು. ಬೆಲ್ಲ ಬೇಡ ಅತ್ತೆ ಅಂದೆ. "ಹಾಗಾದ್ರೆ ಜೇನುತುಪ್ಪ?" ಅದೂ ಬೇಡ ಅಂದೆ. ಸಕ್ಕರೆ ವಿಷ, ಬೆಲ್ಲ ಅಮೃತ ಅಂತ ವಾಟ್ಸಾಪಲ್ಲಿ ದಿನಾ ಓದುವವರಿಗೆ ಇದು ಜೀರ್ಣ ಆಗೋದು ಕಷ್ಟ. ವಿಷಯ ಏನು ಅಂದರೆ, ಹೂವಿನ ಮಕರಂದದಲ್ಲಿರುವ ಮುಖ್ಯವಾದ ಸಿಹಿ ಸುಕ್ರೋಸ್, ಬಿಳಿ ಸಕ್ಕರೆಯೂ ಬರೀ ಸುಕ್ರೋಸೇ. ಹಾಗಾಗಿ ಹೂವಿಗೆ ಹತ್ತಿರ ಇರೋದು ಅದೇ. ಬೆಲ್ಲ, ಬ್ರೌನ್ ಶುಗರ್ ಇವುಗಳಲ್ಲಿ ಕಬ್ಬಿಣದ ಅಂಶ ಜಾಸ್ತಿ. ನಮಗೆ ಒಳ್ಳೆಯದು, ಈ 3 ಗ್ರಾಂ ಹಕ್ಕಿಗೆ ಅಲ್ಲ. ಜೇನಿಗೆ ನೀರು ಬೆರೆಸಿಟ್ಟರೆ ಬೇಗ ಹುಳಿ ಬರುತ್ತೆ, ಬೂಷ್ಟು ಬೆಳೆಯುತ್ತೆ. ಶುಗರ್ ಇರುವವರು ಕಾಫಿಗೆ ಹಾಕಿಕೊಳ್ಳುವ ಸಕ್ಕರೆ ಬದಲಿ ಪುಡಿಯನ್ನಂತೂ ಹಾಕಲೇಬೇಡಿ, ಅದರಲ್ಲಿ ಹಕ್ಕಿಗೆ ಬೇಕಾದ ಶಕ್ತಿಯೇ ಇಲ್ಲ. ಅಂಗಡಿಯಲ್ಲಿ ಸಿಗುವ ಕೆಂಪು ಬಣ್ಣದ ರೆಡಿಮೇಡ್ ನೀರೂ ಬೇಡ. ಹಕ್ಕಿಯನ್ನು ಕರೆಯೋಕೆ ಫೀಡರಿನ ಕೆಂಪು ಪ್ಲಾಸ್ಟಿಕ್ ಹೂವೇ ಸಾಕು, ಹೊಟ್ಟೆಗೆ ಬಣ್ಣ ಹೋಗಿ ಆಗಬೇಕಾದದ್ದು ಏನೂ ಇಲ್ಲ.

ಅತ್ತೆ ಕೊನೆಗೆ ಒಪ್ಪಿದರು, ಒಪ್ಪಿದ ಮೇಲೆ ಕೆಲಸವನ್ನು ಪೂರ್ತಿ ಕೈಗೆ ತೊಗೊಂಡರು. ಮಂಗಳವಾರ, ಶುಕ್ರವಾರ ದೇವರ ಪಾತ್ರೆ ತೊಳೆಯುವ ದಿನ ಅಲ್ವಾ, ಅವತ್ತೇ ಫೀಡರೂ ಇಳಿಯುತ್ತೆ. ಇದಕ್ಕಿಂತ ಒಳ್ಳೆ ವೇಳಾಪಟ್ಟಿ ನಾನು ಎಲ್ಲೂ ನೋಡಿಲ್ಲ. ಏಪ್ರಿಲ್, ಮೇ ತಿಂಗಳ ತಂಪಿಗೆ ಇಷ್ಟು ಸಾಕು. ಜೂನ್ ಕೊನೆಯಿಂದ ಸೆಕೆ ಜೋರಾದಾಗ ಎರಡು ದಿನಕ್ಕೊಮ್ಮೆ ನೀರು ಬದಲಿಸಬೇಕು, ಖಾಲಿ ಆಗಿರಲಿ ಬಿಡಲಿ. ಬಿಸಿ ನೀರು, ಸಣ್ಣ ಬ್ರಷ್, ಬೇಕಾದರೆ ಸ್ವಲ್ಪ ವಿನೆಗರ್. ಕೊಕ್ಕು ಹಾಕುವ ತೂತುಗಳ ಒಳಗೆ ಬ್ರಷ್ ಹೋಗಲೇಬೇಕು, ಬೂಷ್ಟು ಮೊದಲು ಕಟ್ಟೋದು ಅಲ್ಲೇ. ನಮ್ಮ ಅಭ್ಯಾಸ ಅಂತ ಹುಣಸೆಹಣ್ಣು ಹಾಕಿ ಉಜ್ಜೋಕೆ ಹೋಗಬೇಡಿ, ನಾರೆಲ್ಲ ಸಿಕ್ಕಿಹಾಕಿಕೊಳ್ಳುತ್ತೆ.

ಇನ್ನು ಕಿಟಕಿ ಹತ್ತಿರ ಕುರ್ಚಿ ಹಾಕಿಕೊಂಡು ಕೂತರೆ ಆಯಿತು. ಮೊದಲು ಸದ್ದು ಕೇಳುತ್ತೆ, ಆಮೇಲೆ ಹಕ್ಕಿ ಕಾಣುತ್ತೆ. ಸೆಕೆಂಡಿಗೆ 50 ಸಲದ ಆಸುಪಾಸು ರೆಕ್ಕೆ ಬಡಿಯುವುದರಿಂದ ರೆಕ್ಕೆಯ ಜಾಗದಲ್ಲಿ ಮಸುಕು ಮಾತ್ರ. ಗಂಡಿನ ಕತ್ತು ಒಂದು ಕ್ಷಣ ಕಪ್ಪಗೆ, ತಲೆ ಇಷ್ಟೇ ಇಷ್ಟು ಈಚೆ ತಿರುಗಿಸಿದರೆ ಕೆಂಡದ ಬಣ್ಣ. ಗರಿಯಲ್ಲಿ ಕೆಂಪು ಬಣ್ಣ ಅಂತ ಇಲ್ಲ, ಬೆಳಕು ಬೀಳುವ ಕೋನದ ಆಟ ಅದು. ಕುಡಿಯುವಾಗ ಗಂಟಲು ಮಿಸುಕುತ್ತೆ, ಫೀಡರೊಳಗೆ ಒಂದು ಸಣ್ಣ ಗುಳ್ಳೆ ಮೇಲಕ್ಕೆ ಬರುತ್ತೆ. ಆ ಗುಳ್ಳೆ ನೋಡೋಕೆ ನಮ್ಮ ಮಾವ ಪೇಪರ್ ಕೆಳಗಿಡುತ್ತಿದ್ದರು (ನಿಮ್ಮ ಪೇಪರಲ್ಲ, ಕ್ಷಮಿಸಿ, ಇಲ್ಲಿಯ ಜಾಹೀರಾತಿನ ಪೇಪರ್).

ಜಗಳಗಂಟ ಹಕ್ಕಿ ಅಂತ ಮೊದಲೇ ಹೇಳಿಬಿಡುತ್ತೇನೆ. ಒಂದು ಗಂಡು ಫೀಡರನ್ನು ತನ್ನದು ಮಾಡಿಕೊಂಡು ಮಿಕ್ಕವರನ್ನೆಲ್ಲ ಓಡಿಸುತ್ತೆ. ಎರಡನೇ ಫೀಡರ್ ಇಡಿ, ಆದರೆ ಮನೆಯ ಇನ್ನೊಂದು ಮಗ್ಗುಲಿಗೆ, ಒಂದರಿಂದ ಇನ್ನೊಂದು ಕಾಣದ ಹಾಗೆ. ಎಷ್ಟೇ ಜಗಳಗಂಟ ಆದರೂ ಎರಡು ಕಡೆ ಒಟ್ಟಿಗೆ ಕಾವಲು ಕೂರೋಕೆ ಆಗಲ್ಲ.

ಏಪ್ರಿಲ್‌ನ ಚಳಿ ರಾತ್ರಿ ಕಳೆದ ಬೆಳಿಗ್ಗೆ ಒಂದು ಹಕ್ಕಿ ಅಲುಗಾಡದೆ ಕೂತಿರೋದೋ, ಕೆಲವು ಸಲ ತಲೆಕೆಳಗಾಗಿ ಜೋತುಬಿದ್ದಿರೋದೋ ಕಾಣಬಹುದು. ಸತ್ತುಹೋಯಿತು ಅಂತ ಎತ್ತಿಕೊಳ್ಳಬೇಡಿ. ರಾತ್ರಿ ಶಕ್ತಿ ಉಳಿಸೋಕೆ ಅವು ಮೈಯ ಶಾಖ, ಎದೆಬಡಿತ ಎರಡನ್ನೂ ತುಂಬಾ ಇಳಿಸಿಕೊಂಡು ಮರಗಟ್ಟಿದ ಹಾಗೆ ಆಗುತ್ತವೆ. ಬಿಸಿಲು ಬಂದಮೇಲೆ ತಾನಾಗೇ ಎದ್ದು ಹೋಗುತ್ತೆ.

ಹಮ್ಮಿಂಗ್‌ಬರ್ಡ್ ಬರೀ ಸಿಹಿ ಕುಡಿದು ಬದುಕಲ್ಲ. ಸಣ್ಣ ನೊಣ, ಸೊಳ್ಳೆ, ಜೇಡ ಇವೂ ಬೇಕು, ಮರಿಗಳಿಗಂತೂ ಬೇಕೇ ಬೇಕು. ಜೇಡರ ಬಲೆಯ ನೂಲಿನಿಂದಲೇ ಗೂಡನ್ನು ಬಿಗಿಯೋದು. ಆದ್ದರಿಂದ ಮಗ ಹುಲ್ಲಿಗೆ ಔಷಧಿ ಹೊಡೆಸೋಕೆ ಹೊರಟರೆ ತಡೆಯಿರಿ, ಅಪ್ಪ-ಅಮ್ಮನ ಮಾತು ಅಂತ ಕೇಳಿದರೂ ಕೇಳಬಹುದು. ಗಿಡ ನೆಡುವ ಆಸೆ ಇದ್ದರೆ ಟ್ರಂಪೆಟ್ ಹನಿಸಕಲ್, ಬೀ ಬಾಮ್, ಕಾರ್ಡಿನಲ್ ಫ್ಲವರ್ ಮೂರೂ ಇಲ್ಲಿನವೇ, ಮೂರಕ್ಕೂ ಹಕ್ಕಿ ಬರುತ್ತೆ. ತೊಳೆಯೋಕೆ ಆಗಲ್ಲ ಅನ್ನುವವರು ಫೀಡರ್ ಬಿಟ್ಟು ಗಿಡವನ್ನೇ ನೆಡಿ.

ಮೇ ಮೊದಲ ವಾರದ ಹೊತ್ತಿಗೆ ಬೇರೆ ಅತಿಥಿಗಳೂ ಬರುತ್ತಾರೆ. ಕಿತ್ತಳೆ ಮೈ, ಕಪ್ಪು ತಲೆಯ ಬಾಲ್ಟಿಮೋರ್ ಓರಿಯೋಲ್ ನಮ್ಮೂರ ಹೊನ್ನಕ್ಕಿಯ ನೆಂಟನಲ್ಲ, ಆದರೆ ಹಣ್ಣಿನ ಆಸೆ ಅಷ್ಟೇ ಇದೆ. ಕಿತ್ತಳೆ ಹಣ್ಣನ್ನು ಅಡ್ಡಕ್ಕೆ ಹೋಳು ಮಾಡಿ ಮೊಳೆಗೆ ಸಿಕ್ಕಿಸಿಡಿ. ದ್ರಾಕ್ಷಿ ಜೆಲ್ಲಿಯನ್ನೂ ತಿನ್ನುತ್ತೆ, ಒಂದು ಚಮಚಕ್ಕಿಂತ ಜಾಸ್ತಿ ಇಡಬೇಡಿ, ರೆಕ್ಕೆಗೆ ಮೆತ್ತಿಕೊಳ್ಳುತ್ತೆ. ಸೂರ್ಯಕಾಂತಿ ಬೀಜಕ್ಕೆ ಬಿಳಿ ಎದೆಯ ಮೇಲೆ ಕೆಂಪು ತ್ರಿಕೋನ ಇರುವ ಗ್ರೋಸ್‌ಬೀಕ್ ಬರುತ್ತೆ. ಬಿಳಿ ಬರಗು ಚೆಲ್ಲಿದರೆ ಅದೃಷ್ಟ ಇದ್ದವರಿಗೆ ಇಂಡಿಗೊ ಬಂಟಿಂಗ್, ಪೂರ್ತಿ ನೀಲಿ. ವಾರ್ಬ್ಲರ್ ಅನ್ನುವ ಪುಟ್ಟ ಹಕ್ಕಿಗಳು ಹುಳ ತಿನ್ನುವವು, ಫೀಡರ್ ಕಡೆ ಸಾಮಾನ್ಯವಾಗಿ ಬರಲ್ಲ. ಅವಕ್ಕೆ ಅಗಲವಾದ ತಟ್ಟೆಯಲ್ಲಿ ಒಂದು ಇಂಚು ನೀರಿಡಿ. ಹೆಸರು ಗೊತ್ತಾಗದಿದ್ದರೆ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದ ಮರ್ಲಿನ್ ಆ್ಯಪ್ ಫೋನಿಗೆ ಹಾಕಿಕೊಳ್ಳಿ, ಕೂಗು ಕೇಳಿಸಿದರೆ ಯಾವ ಹಕ್ಕಿ ಅಂತ ಹೇಳುತ್ತೆ. ದುಡ್ಡು ಕೊಡಬೇಕಿಲ್ಲ, ಊರಿಗೆ ವಾಪಸ್ ಹೋದಮೇಲೂ ಕೆಲಸಕ್ಕೆ ಬರುತ್ತೆ.

ನಮ್ಮ ಹಿರಿಯರು ಒಂದು ಕೆಲಸ ಮಾಡುತ್ತಾರೆ, ಅದು ಮಾತ್ರ ಬೇಡ. ಉಳಿದ ಅನ್ನ, ಚಪಾತಿ ಚೂರು ಹುಲ್ಲಿನ ಮೇಲೆ ಹಾಕೋದು. ಕಾಗೆಗೆ ಅನ್ನ ಇಟ್ಟ ಕೈ, ಸುಮ್ನೆ ಇರಲ್ಲ, ಗೊತ್ತು. ಇಲ್ಲಿ ಅದಕ್ಕೆ ಬರೋದು ಇಲಿ, ರಕೂನ್ ಅನ್ನುವ ಕಾಡುಪ್ರಾಣಿ, ಅದರ ಹಿಂದೆಯೇ ಹೋಮ್‌ಓನರ್ಸ್ ಅಸೋಸಿಯೇಷನ್ (ಬಡಾವಣೆಯ ಮನೆ ಮಾಲೀಕರ ಸಂಘ) ನೋಟಿಸ್. ನ್ಯೂಜೆರ್ಸಿಯ ವಾಯವ್ಯ ಭಾಗದಲ್ಲಿ ಕರಿಕರಡಿಗಳೂ ಇವೆ, ಸಕ್ಕರೆ ನೀರು ಅವಕ್ಕೂ ಇಷ್ಟ. ಅಂಥ ಕಡೆ ಸಂಜೆ ಫೀಡರ್ ಒಳಗೆ ತನ್ನಿ. ಕರಡಿ ಬಂದುಹೋಗಿದ್ದು ಗೊತ್ತಾದರೆ ಇಡೋದನ್ನೇ ನಿಲ್ಲಿಸಿ.

ಎಲ್ಲಕ್ಕಿಂತ ದೊಡ್ಡ ಗಂಡಾಂತರ ಅಂದರೆ ಗಾಜು ಮತ್ತು ಬೆಕ್ಕು. ಅಮೆರಿಕದಲ್ಲಿ ವರ್ಷಕ್ಕೆ 36 ಕೋಟಿಯಿಂದ 100 ಕೋಟಿಯವರೆಗೆ ಹಕ್ಕಿಗಳು ಕಟ್ಟಡಗಳಿಗೆ, ಅದರಲ್ಲೂ ಕಿಟಕಿ ಗಾಜಿಗೆ ಬಡಿದು ಸಾಯುತ್ತವೆ ಅಂತ 2014ರಲ್ಲಿ ಪ್ರಕಟವಾದ ಅಂದಾಜು. ಬೆಕ್ಕುಗಳಿಂದ ಸಾಯುವುದು ಅದಕ್ಕಿಂತಲೂ ಜಾಸ್ತಿ. ಇಲ್ಲಿಯ ಮನೆಗಳಲ್ಲಿ ಹಿತ್ತಲ ಕಡೆಗೆ ಗೋಡೆಯುದ್ದ ಗಾಜಿನ ಬಾಗಿಲು ಇರುತ್ತಲ್ಲ, ಅದರಲ್ಲಿ ಮರ, ಆಕಾಶ ಕಂಡು ಹಕ್ಕಿ ನೇರ ನುಗ್ಗುತ್ತೆ. ಫೀಡರನ್ನು ಗಾಜಿಗೆ ಮೂರು ಅಡಿಯೊಳಗೆ ಇಡಿ, ಆಗ ಹಾರಿದರೂ ಪೆಟ್ಟಾಗುವಷ್ಟು ವೇಗ ಇರಲ್ಲ. ಗಾಜಿನ ಹೊರಮೈ ಮೇಲೆ ಎರಡೆರಡು ಇಂಚಿಗೆ ಒಂದರಂತೆ ಚುಕ್ಕಿ ಅಂಟಿಸಿ. ಮೊಮ್ಮಕ್ಕಳನ್ನು ಸೇರಿಸಿಕೊಂಡರೆ ಒಂದು ಮಧ್ಯಾಹ್ನದ ಕೆಲಸ, ರಂಗೋಲಿ ಚುಕ್ಕಿ ಇಟ್ಟು ಅಭ್ಯಾಸ ಇರುವವರಿಗೆ ಹೇಳಿಕೊಡಬೇಕಿಲ್ಲ. ಇನ್ನೊಂದು, ವಲಸೆ ಹೋಗುವ ಹಾಡುಹಕ್ಕಿಗಳಲ್ಲಿ ಬಹುಪಾಲು ರಾತ್ರಿ ಹಾರುತ್ತವೆ. ಹೊರಗಿನ ದೀಪಗಳು ದಾರಿ ತಪ್ಪಿಸುತ್ತವೆ. ಮಲಗುವಾಗ ಡೆಕ್ (ಹಿತ್ತಲ ಕಡೆಯ ಮರದ ಜಗಲಿ) ಲೈಟ್ ಆರಿಸಿ.

ಸೂಟ್‌ಕೇಸ್ ವಿಷಯ ಒಂದು ಬಾಕಿ ಇದೆ. ಉದುರಿದ ಗರಿ, ಖಾಲಿ ಗೂಡು ಚೆನ್ನಾಗಿದೆ ಅಂತ ಊರಿಗೆ ತೊಗೊಂಡು ಹೋಗಬೇಡಿ. ವಲಸೆ ಹಕ್ಕಿಗಳ ಬಗ್ಗೆ 1918ರಲ್ಲಿ ಮಾಡಿದ ಕಾನೂನು ಇಂದಿಗೂ ಇದೆ, ಗರಿ ಇಟ್ಟುಕೊಳ್ಳುವುದೂ ಅದರ ಪ್ರಕಾರ ತಪ್ಪು. ಫೋಟೋ ಸಾಕು.

ಸೆಪ್ಟೆಂಬರಲ್ಲಿ ಪಕ್ಕದ ಮನೆಯವರು ಯಾರಾದರೂ ಫೀಡರ್ ತೆಗೆಯಿರಿ, ಇಲ್ಲದಿದ್ದರೆ ಹಕ್ಕಿ ಇಲ್ಲೇ ಉಳಿದು ಚಳಿಗೆ ಸಾಯುತ್ತೆ ಅಂತ ಹೇಳಿಯೇ ಹೇಳುತ್ತಾರೆ. ಹಾಗೇನಿಲ್ಲ. ಹಗಲು ಚಿಕ್ಕದಾಗುತ್ತಾ ಬಂದಹಾಗೆ ಅವು ಹೊರಡುತ್ತವೆ, ನಿಮ್ಮ ಸಕ್ಕರೆ ನೀರು ಅವನ್ನು ಕಟ್ಟಿಹಾಕಲ್ಲ. ಕೊನೆಯ ಹಕ್ಕಿ ಕಂಡ ಮೇಲೂ ಎರಡು ವಾರ ಇಟ್ಟಿರಿ, ಉತ್ತರದಿಂದ ತಡವಾಗಿ ಬರುವವಕ್ಕೆ ಅನುಕೂಲ. ಅಷ್ಟರಲ್ಲಿ ನಿಮ್ಮ ಟಿಕೆಟ್ ದಿನ ಬಂದರೆ ತೊಳೆಯುವ ಕೆಲಸ ಯಾರದ್ದು ಅಂತ ಮಗನ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ನಮ್ಮತ್ತೆ ಈಗಲೂ ಬೆಂಗಳೂರಿಂದ ಫೋನ್ ಮಾಡಿ ಮೊದಲು ಕೇಳೋದು "ಮಂಗಳವಾರ ತೊಳೆದ್ರಾ?" ಅಂತ.

ಸಂಪಾದಕರೇ, ಪತ್ರ ಉದ್ದ ಆಯಿತು, ಕತ್ತರಿಸುವುದಾದರೆ ಗಾಜಿನ ವಿಷಯ, ಬೆಲ್ಲದ ವಿಷಯ ಎರಡನ್ನು ಮಾತ್ರ ಬಿಡಬೇಡಿ. ಸಾಧ್ಯವಾದರೆ ಮಾರ್ಚ್ ಮುಗಿಯುವುದರೊಳಗೆ ಪ್ರಕಟಿಸಿ. ನಮ್ಮ ಕಡೆಗೆ ಬರುವವರು ಏಪ್ರಿಲ್ ಎರಡನೇ ವಾರಕ್ಕೆಲ್ಲ ಫೀಡರ್ ಹಾಕಿರಬೇಕು.

ಇಂತಿ,
ನಿಮ್ಮ ಓದುಗಳು, ನ್ಯೂಜೆರ್ಸಿ