ಕೈಜೋಡಿಸಿದವರಿಗೂ ಕೈ ತಡೆದವರಿಗೂ

ಹಳೆಯ ಸಭಾಭವನದ ದುರಸ್ತಿ ಮುಗಿದಿದೆ. ಬಾಗಿಲು ತೆರೆದು ಸ್ಥಳೀಯ ಇತಿಹಾಸದ ದಿನವನ್ನೂ ಆಚರಿಸಿದ್ದಾಯಿತು. ವಂದನಾರ್ಪಣೆ ಅಂದರೆ ಹೆಸರುಗಳ ಪಟ್ಟಿ ಓದಿ ಮುಗಿಸುವುದು ರೂಢಿ. ಇಲ್ಲಿ ಹೆಸರಿನ ಬದಲು ಕೆಲಸವನ್ನೇ ಹೇಳುತ್ತೇವೆ. ಯಾವ ಕೆಲಸ ಹೇಗೆ ನಡೆಯಿತು, ಯಾಕೆ ಹಾಗೇ ನಡೆಯಬೇಕಿತ್ತು ಎಂದು ಬರೆದಿಟ್ಟರೆ ಇಂಥದೇ ಕಟ್ಟಡದ ಹೊಣೆ ಹೊತ್ತಿರುವ ಇತರರಿಗೂ ಉಪಯೋಗವಾದೀತು. ಮಾಡಿದವರಿಗೆ ತಮ್ಮ ಪಾಲು ಯಾವುದೆಂದು ಓದಿದ ಕೂಡಲೇ ಗೊತ್ತಾಗುತ್ತದೆ.

ಮೊದಲ ಕೃತಜ್ಞತೆ, ಏನನ್ನೂ ಮಾಡದೆ ಒಂದು ವರ್ಷ ಕಾದವರಿಗೆ. ಗೋಡೆಯಲ್ಲಿ ಬಿರುಕು ಕಂಡರೆ ಸಿಮೆಂಟ್ ತುಂಬಿ ಬಣ್ಣ ಬಳಿಯೋಣ ಎನ್ನುವುದು ಸಹಜ. ಆದರೆ ಬಿರುಕು ಎಷ್ಟು ಅಗಲ ಇದೆ ಎನ್ನುವುದಕ್ಕಿಂತ ಇನ್ನೂ ಅಗಲವಾಗುತ್ತಿದೆಯೇ ಎನ್ನುವುದು ಮುಖ್ಯ. ಅದನ್ನು ತಿಳಿಯಲು ಬಿರುಕಿನ ಎರಡೂ ಬದಿಗೆ ಒಂದೊಂದು ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ ಅಂಟಿಸುತ್ತಾರೆ. ಒಂದರ ಮೇಲೆ ಮಿಲಿಮೀಟರ್ ಚೌಕುಳಿ, ಇನ್ನೊಂದರ ಮೇಲೆ ಕೂಡುಗೆರೆ. ಒಂದರ ಮೇಲೊಂದು ಕೂತ ಆ ಪಟ್ಟಿಗಳಲ್ಲಿ ಗೆರೆ ಎತ್ತ ಸರಿದಿದೆ ಎಂದು ತಿಂಗಳಿಗೊಮ್ಮೆ ನೋಡಿ, ದಿನಾಂಕ ಮತ್ತು ತಾಪಮಾನದ ಜೊತೆ ಪುಸ್ತಕದಲ್ಲಿ ಬರೆಯಬೇಕು. ಪೂರ್ತಿ ವರ್ಷ ಯಾಕೆಂದರೆ, ತೇವದಲ್ಲಿ ಉಬ್ಬುವ ಜೇಡಿಮಣ್ಣು ಒಣಗಿದಾಗ ಕುಗ್ಗುತ್ತದೆ, ಅದರ ಮೇಲೆ ನಿಂತ ಗೋಡೆಯೂ ಋತುವಿಗೆ ತಕ್ಕಂತೆ ಅಲುಗುತ್ತದೆ. ಮೂರು ತಿಂಗಳು ಅಗಲವಾಗುತ್ತ ಹೋದ ಬಿರುಕು ಮುಂದಿನ ಋತುವಿನಲ್ಲಿ ತಾನೇ ಮುಚ್ಚಿಕೊಳ್ಳಬಹುದು. ಆ ಮೂರೇ ತಿಂಗಳ ಲೆಕ್ಕ ನಂಬಿ ಅಡಿಪಾಯ ಅಗೆಸಿದರೆ ನೆಮ್ಮದಿಯಾಗಿ ನಿಂತಿದ್ದ ಗೋಡೆಯನ್ನು ಕೆಣಕಿದ ಹಾಗಾಗುತ್ತದೆ. ಬೇಗ ಮುಗಿಸಿ ಎಂಬ ಒತ್ತಡದ ನಡುವೆಯೂ ಪುಸ್ತಕದ ಒಂದು ಸಾಲನ್ನೂ ಖಾಲಿ ಬಿಡದವರಿಗೆ ವಂದನೆ.

ಎರಡನೆಯದು, ಮಳೆಯಲ್ಲಿ ಕೊಡೆ ಹಿಡಿದು ನಿಂತವರಿಗೆ. ಹಳೆಯ ಕಟ್ಟಡ ಕೆಡುವುದು ಬಹುಪಾಲು ನೀರಿನಿಂದ. ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು ದುಬಾರಿ ಯಂತ್ರ ಬೇಡ, ಜೋರು ಮಳೆ ಬರುವಾಗ ಸುತ್ತ ನಡೆದು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಸೂರಿನ ದೋಣಿಯಲ್ಲಿ ಎಲೆ ಕಟ್ಟಿ ನೀರು ತುಳುಕುವ ಜಾಗ, ಹೆಂಚು ಸರಿದ ಜಾಗ, ಪೈಪಿನಿಂದ ಬಿದ್ದ ನೀರು ಹೊರಗೆ ಹರಿಯದೆ ಗೋಡೆಯ ಬುಡಕ್ಕೇ ಮರಳುವ ಜಾಗ ಎಲ್ಲವೂ ಆಗಲೇ ಕಾಣುವುದು. ಎರಕದ ಕಬ್ಬಿಣದ ಪೈಪುಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಅವು ತುಕ್ಕು ಹಿಡಿದು ಸೀಳುವುದು ಹೆಚ್ಚಾಗಿ ಹಿಂಬದಿಯಲ್ಲಿ, ಬಣ್ಣದ ಬ್ರಷ್ಷು ತಲುಪದ ಗೋಡೆಯ ಕಡೆಯಲ್ಲಿ. ಮುಂದಿನಿಂದ ಪೈಪು ಚೆನ್ನಾಗಿಯೇ ಕಾಣುತ್ತಿರುತ್ತದೆ, ಹಿಂದಿನ ಗೋಡೆ ವರ್ಷಗಟ್ಟಲೆ ನೀರು ಕುಡಿಯುತ್ತಿರುತ್ತದೆ. ಪುಟ್ಟ ಕನ್ನಡಿಯನ್ನು ಕಡ್ಡಿಗೆ ಕಟ್ಟಿ, ಟಾರ್ಚಿನ ಬೆಳಕು ಹಾಯಿಸಿ, ಪ್ರತಿ ಪೈಪಿನ ಬೆನ್ನನ್ನೂ ಬುಡದಿಂದ ತುದಿಯವರೆಗೆ ನೋಡಿದವರ ತಾಳ್ಮೆ ದೊಡ್ಡದು.

ಗೋಡೆಯ ಬುಡದ ಮಣ್ಣು ತೆಗೆದವರನ್ನೂ ಇಲ್ಲೇ ನೆನೆಯಬೇಕು. ದಶಕಗಳ ಕಾಲ ಹೊರಗಿನ ನೆಲ ಏರುತ್ತ ಬಂದು ಒಳನೆಲಕ್ಕಿಂತ ಮೇಲಾದರೆ ತೇವ ನೇರವಾಗಿ ಒಳಗೆ ಬರುತ್ತದೆ, ನೆಲದಡಿಯ ಗಾಳಿಕಿಂಡಿಗಳೂ ಮುಚ್ಚಿಹೋಗುತ್ತವೆ. ಹೊರಗಿನ ಮಣ್ಣು ಒಳನೆಲಕ್ಕಿಂತ ಕನಿಷ್ಠ 150 ಮಿಲಿಮೀಟರ್ ಕೆಳಗಿರಬೇಕು, ಇಳಿಜಾರು ಗೋಡೆಯಿಂದ ಆಚೆಗೆ ಇರಬೇಕು. ಆದರೆ ಹಳೆಯ ಕಟ್ಟಡಗಳ ಅಡಿಪಾಯ ಎಷ್ಟೋ ಸಲ ಆಳ ಇರುವುದೇ ಇಲ್ಲ. ಅದಕ್ಕೇ ಮೊದಲು ಒಂದೆರಡು ಕಡೆ ಪರೀಕ್ಷಾ ಗುಂಡಿ ತೋಡಿ, ಬುಡ ಎಲ್ಲಿದೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ಉಳಿದ ಕಡೆ ಸಲಿಕೆ ಇಟ್ಟರು.

ಇಷ್ಟಾದ ಮೇಲೆ ಮತ್ತೆ ಕಾಯುವ ಸರದಿ. ನೆನೆದ ಗೋಡೆ ಒಣಗಲು 25 ಮಿಲಿಮೀಟರ್ ದಪ್ಪಕ್ಕೆ ಒಂದು ತಿಂಗಳು ಎನ್ನುವುದು ಅಂದಾಜು ಲೆಕ್ಕ. ಅಂದರೆ 450 ಮಿಲಿಮೀಟರ್ ಗೋಡೆಗೆ ಒಂದೂವರೆ ವರ್ಷ. ಆ ಅವಧಿಯಲ್ಲಿ ಗೋಡೆಯ ಮೇಲೆ ಬಿಳಿ ಉಪ್ಪು ಹೂ ಬಿಡುತ್ತದೆ. ಅದನ್ನು ಒಣ ಬ್ರಷ್ಷಿನಿಂದ ಉದುರಿಸಿ, ಪುಡಿಯನ್ನು ಬುಡದಲ್ಲಿ ಬಿಡದೆ ಗುಡಿಸಿ ಹೊರಹಾಕಬೇಕು. ನೀರಿನಲ್ಲಿ ತೊಳೆದರೆ ಕರಗಿದ ಉಪ್ಪು ಮತ್ತೆ ಒಳಗೇ ಹೋಗುತ್ತದೆ. ಅಷ್ಟು ದಿನ ಕಲೆಗಟ್ಟಿದ ಗೋಡೆಯನ್ನು ಸಹಿಸಿಕೊಂಡು, ಎಮಲ್ಷನ್ ಬಳಿದು ಮುಚ್ಚಿಬಿಡಿ ಎನ್ನದ ಎಲ್ಲರಿಗೂ ಋಣಿ. ಪ್ಲಾಸ್ಟಿಕ್ ಪದರದ ಬಣ್ಣ ತೇವವನ್ನು ಒಳಗೇ ಕೂಡಿಹಾಕುತ್ತದೆ. ಸುಣ್ಣದ ಬಣ್ಣ ಅದನ್ನು ಹೊರಗೆ ಬಿಡುತ್ತದೆ.

ಗಾರೆಯವರ ಬಗ್ಗೆ ಎಷ್ಟು ಬರೆದರೂ ಸಾಲದು. ಈ ಗೋಡೆಗಳಲ್ಲಿ ಇಟ್ಟಿಗೆಗಳ ನಡುವಿನ ಸಂದುಗಳಿಗೆ ಹಿಂದೆ ಯಾವಾಗಲೋ ಸಿಮೆಂಟ್ ತುಂಬಲಾಗಿತ್ತು. ಸಿಮೆಂಟ್ ಹಳೆಯ ಇಟ್ಟಿಗೆಗಿಂತ ಗಟ್ಟಿ. ಗೋಡೆ ಅಲುಗಿದಾಗ ಅದು ಬಾಗದೆ ಕೂದಲೆಳೆಯಷ್ಟು ಸೀಳುತ್ತದೆ, ಸೀಳಿನಲ್ಲಿ ನೀರು ಇಳಿಯುತ್ತದೆ. ಇಳಿದ ನೀರಿಗೆ ಸಂದಿನಿಂದ ಹೊರಬರಲು ದಾರಿಯಿಲ್ಲದೆ ಇಟ್ಟಿಗೆಯ ಮುಖದಿಂದಲೇ ಆರುತ್ತದೆ, ಆರುವಾಗ ಉಪ್ಪು ಇಟ್ಟಿಗೆಯೊಳಗೆ ಹರಳುಗಟ್ಟಿ ಅದರ ಮುಖವನ್ನು ಒಡೆದು ಉದುರಿಸುತ್ತದೆ. ಕೊನೆಗೆ ಸಿಮೆಂಟಿನ ಸಂದು ಚೌಕಟ್ಟಿನ ಹಾಗೆ ಉಬ್ಬಿ ನಿಂತು, ನಡುವಿನ ಇಟ್ಟಿಗೆ ಗುಳಿ ಬೀಳುತ್ತದೆ. ಸಂದು ಯಾವಾಗಲೂ ಇಟ್ಟಿಗೆಗಿಂತ ಮೃದುವಾಗಿರಬೇಕು. ಸವೆಯುವುದಿದ್ದರೆ ಸಂದು ಸವೆಯಲಿ, ಅದನ್ನು ಮತ್ತೆ ತುಂಬಬಹುದು.

ಆ ಸಿಮೆಂಟನ್ನು ಉಳಿ ಸುತ್ತಿಗೆಯಲ್ಲೇ ತೆಗೆದರು. ಕಟ್ಟಿಂಗ್ ಯಂತ್ರ ಹತ್ತು ಪಟ್ಟು ಬೇಗ ತೆಗೆಯುತ್ತದೆ, ಆದರೆ ಒಮ್ಮೆ ಕೈ ಜಾರಿದರೆ ಇಟ್ಟಿಗೆಯ ಅಂಚು ಹೋಯಿತು, ಸಂದು ಶಾಶ್ವತವಾಗಿ ಅಗಲವಾಯಿತು. ಎಲ್ಲಿ ಸಿಮೆಂಟಿನ ಜೊತೆ ಇಟ್ಟಿಗೆಯ ಮುಖವೇ ಕಿತ್ತು ಬರುತ್ತಿತ್ತೋ ಅಲ್ಲಿ ಹಾಗೇ ಬಿಟ್ಟರು. ಆ ತೀರ್ಮಾನ ಪುಸ್ತಕ ಓದಿ ಬರುವಂಥದ್ದಲ್ಲ. ಉಳಿದ ಕಡೆ ಸಂದಿನ ಅಗಲದ ಎರಡರಷ್ಟು ಆಳಕ್ಕೆ, ಕನಿಷ್ಠ 20 ಮಿಲಿಮೀಟರ್, ಹಿಂಬದಿ ಚೌಕವಾಗಿರುವಂತೆ ಕೆರೆದು, ಧೂಳು ತೊಳೆದು, ನೆನೆಸಿ, ನೀರು ಹೊಳೆಯದಷ್ಟು ಆರಿದ ಮೇಲೆ ಗಾರೆ ತುಂಬಿದರು.

ಗಾರೆಯ ಹದ ಹೀಗೆ. ಸುಟ್ಟ ಸುಣ್ಣವನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಿ ಅರಳಿಸಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು. ಅರಳುವಾಗ ನೀರು ಕುದಿದು ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇಲ್ಲದೆ ಹತ್ತಿರ ಹೋಗುವಂತಿಲ್ಲ. ಅರಳಿದ್ದನ್ನು ಜರಡಿ ಹಿಡಿದು, ಮೇಲೆ ನೀರು ನಿಲ್ಲಿಸಿ, ಮೂರು ತಿಂಗಳಾದರೂ ಮಾಗಲು ಬಿಡಬೇಕು. ಅರಳದೆ ಉಳಿದ ಹರಳು ಗಾರೆಯೊಳಗೆ ಸೇರಿದರೆ ಆಮೇಲೆ ನಿಧಾನವಾಗಿ ಅರಳಿ, ಮುಗಿದ ಗೋಡೆಯಲ್ಲಿ ಚಿಪ್ಪು ಹಾರಿ ಗುಂಡಿ ಬೀಳುತ್ತದೆ. ಬೆಣ್ಣೆಯಂತಾದ ಸುಣ್ಣ ಒಂದು ಪಾಲು, ತೊಳೆದ ಒರಟು ಮರಳು ಮೂರು ಪಾಲು. ಆ ಮೂರರ ಲೆಕ್ಕಕ್ಕೆ ಕಾರಣವಿದೆ. ಒಣ ಮರಳು ತುಂಬಿದ ಪಾತ್ರೆಗೆ ನೀರು ಅಳೆದು ಹುಯ್ದು ನೋಡಿ, ಪಾತ್ರೆಯ ಸುಮಾರು ಮೂರನೇ ಒಂದರಷ್ಟು ನೀರು ಹಿಡಿಯುತ್ತದೆ. ಕಾಳುಗಳ ನಡುವಿನ ಆ ಖಾಲಿ ಜಾಗ ತುಂಬುವಷ್ಟು ಸುಣ್ಣ ಬೇಕು, ಅಷ್ಟೇ. ಕಲಸುವಾಗ ನೀರು ಸೇರಿಸುವ ಆಸೆ ಬರುತ್ತದೆ, ಸೇರಿಸಬಾರದು. ಕುಟ್ಟಿದಷ್ಟೂ ಗಾರೆ ತಾನೇ ಸಡಿಲವಾಗುತ್ತದೆ. ನೀರು ಹೆಚ್ಚಾದರೆ ಒಣಗುವಾಗ ಕುಗ್ಗಿ ಸೀಳುತ್ತದೆ.

ತುಂಬಿದ ಮೇಲಿನ ಕೆಲಸವೇ ನಿಜವಾದ ಪರೀಕ್ಷೆ. ಹೆಬ್ಬೆರಳು ಒತ್ತಿದರೆ ಗುರುತು ಬೀಳಬಾರದು, ಉಗುರು ಗೀರಿದರೆ ಬೀಳಬೇಕು. ಆ ಹದಕ್ಕೆ ಬಂದ ಸಂದನ್ನು ಬಿರುಸು ಬ್ರಷ್ಷಿನ ತುದಿಯಿಂದ ಕುಟ್ಟುತ್ತಾರೆ. ಸಣ್ಣ ಸೀಳುಗಳು ಮುಚ್ಚಿಕೊಂಡು, ಮೇಲೆ ಕಟ್ಟಿದ ಸುಣ್ಣದ ಕೆನೆ ಹೋಗಿ ಮರಳಿನ ಕಾಳು ಕಾಣುತ್ತದೆ. ಕರಣೆಯಲ್ಲಿ ನುಣ್ಣಗೆ ಉಜ್ಜಿದರೆ ನೋಡಲು ಚೆಂದ, ಆದರೆ ತೇವ ಹೊರಹೋಗುವ ದಾರಿ ಮುಚ್ಚುತ್ತದೆ. ಆಮೇಲೆ ಗೋಡೆಗೆ ತಾಕದ ಹಾಗೆ ಒದ್ದೆ ಗೋಣಿತಾಟು ಇಳಿಬಿಟ್ಟು ಒಂದು ವಾರವಾದರೂ ತೇವ ಕಾಯಬೇಕು. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ, ಅದಕ್ಕೆ ತೇವ ಇರಲೇಬೇಕು. ಬೇಗ ಒಣಗಿದ ಗಾರೆ ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ರಜೆಯ ದಿನವೂ ಬಂದು ಗೋಣಿತಾಟಿಗೆ ನೀರು ಚಿಮುಕಿಸಿದವರು ಗಾರೆಯವರಷ್ಟೇ ದೊಡ್ಡ ಕೆಲಸ ಮಾಡಿದ್ದಾರೆ.

ಮರಗೆಲಸದವರು ಒಂದು ಇಡೀ ತೊಲೆಯನ್ನು ಉಳಿಸಿಕೊಟ್ಟರು. ಗೋಡೆಯೊಳಗೆ ಹೂತ ತುದಿ ಮಾತ್ರ ಕೊಳೆತಿತ್ತು. ಮರದ ತೇವ ಶೇಕಡ 20 ದಾಟಿ ಅಲ್ಲೇ ನಿಂತರೆ ಕೊಳೆತ ಶುರುವಾಗುತ್ತದೆ, ಅದು ಮೊದಲು ಹಿಡಿಯುವುದೇ ಈ ತುದಿಗಳನ್ನು. ಕೊಳೆತದ್ದನ್ನು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ, ಅದೇ ಜಾತಿಯ ಒಣ ಮರವನ್ನು, ಎರಡರ ತುದಿಯನ್ನೂ ಓರೆಯಾಗಿ ಕತ್ತರಿಸಿ, ಕೂಡಿಸಿ, ಎಂಜಿನಿಯರ್ ಲೆಕ್ಕ ಹಾಕಿಕೊಟ್ಟ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಬಿಗಿದರು. ಹೊಸ ತುದಿಯ ಸುತ್ತ ಗಾಳಿಯಾಡಲು ಜಾಗ ಬಿಟ್ಟಿದ್ದಾರೆ. ಹೊಸ ತುಂಡಿನ ಮೇಲೆ ಇಸವಿ ಕೊರೆದಿದ್ದಾರೆ, ಹಳೆಯದರಂತೆ ಕಾಣಲೆಂದು ಬಣ್ಣ ಬಳಿದಿಲ್ಲ. ಸ್ಮಾರಕಗಳ ಸಂರಕ್ಷಣೆಗೆಂದು ರೂಪಿಸಿದ ಅಂತರರಾಷ್ಟ್ರೀಯ ದಾಖಲೆಯಾದ 1964ರ ವೆನಿಸ್ ಸನ್ನದು ಹೇಳುವುದೂ ಇದನ್ನೇ: ಸೇರಿಸಿದ ಭಾಗ ಒಟ್ಟಿನೊಂದಿಗೆ ಹೊಂದಬೇಕು, ಆದರೆ ಮೂಲದಿಂದ ಬೇರೆ ಎಂದು ತಿಳಿಯಬೇಕು. ಊಹೆ ಶುರುವಾಗುವ ಕಡೆ ಜೀರ್ಣೋದ್ಧಾರ ನಿಲ್ಲಬೇಕು ಎಂಬುದೂ ಅದೇ ಸನ್ನದಿನ ಮಾತು. ಕಮಾನಿನ ಮೇಲಿನ ಗಾರೆಯ ಹೂಬಳ್ಳಿ ಅರ್ಧ ಉದುರಿದೆ, ಪೂರ್ತಿ ಇದ್ದಾಗಿನ ಚಿತ್ರ ಎಲ್ಲೂ ಸಿಗಲಿಲ್ಲ. ಉಳಿದರ್ಧವನ್ನು ಭದ್ರಪಡಿಸಿ, ಬಿದ್ದ ಜಾಗವನ್ನು ಬೋಳಾಗಿಯೇ ಬಿಡಲು ಒಪ್ಪಿದವರಿಗೆ ವಿಶೇಷ ಧನ್ಯವಾದ. ಹೊಸ ಹೂಬಳ್ಳಿ ಮಾಡಿಸುವುದು ಸುಲಭವಿತ್ತು.

ಮನೆಯ ಪೆಟ್ಟಿಗೆಗಳಿಂದ ಹಳೆಯ ಫೋಟೋ ತಂದುಕೊಟ್ಟವರು ಕಟ್ಟಡಕ್ಕೆ ನೆನಪು ಕೊಟ್ಟರು. ಪ್ರತಿ ಫೋಟೋದ ಎರಡೂ ಬದಿಯನ್ನು 600 ಡಿಪಿಐನಲ್ಲಿ (ಅಂಗುಲಕ್ಕೆ 600 ಚುಕ್ಕಿ) ಸ್ಕ್ಯಾನ್ ಮಾಡಿ, ಚಿತ್ರದ ವಿವರ ನಷ್ಟವಾಗದ ಟಿಫ್ ಕಡತವಾಗಿ ಉಳಿಸಿ, ಮೂಲ ಪ್ರತಿಗಳನ್ನು ಆಯಾ ಮನೆಗೆ ಹಿಂದಿರುಗಿಸಲಾಗಿದೆ. ಅವುಗಳಿಗೆ ಸೆಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಹಿಂದೆ ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ, ಒತ್ತದೆ ಬರೆಯಿರಿ. ಧ್ವನಿಮುದ್ರಣಕ್ಕೆ ಕೂತ ಹಿರಿಯರಿಗೂ ನಮಸ್ಕಾರ. "ಈ ಕಟ್ಟಡ ಯಾವಾಗ ಕಟ್ಟಿದ್ದು?" ಎಂದು ಕೇಳಿದರೆ ಇಸವಿಯ ಬಗ್ಗೆ ಗೊಂದಲವೇ ಹೆಚ್ಚು. "ಮಳೆ ಬಂದಾಗ ಇಲ್ಲಿ ಎಲ್ಲಿ ಕೂರುತ್ತಿದ್ದಿರಿ?" ಎಂದು ಕೇಳಿದರೆ ಎಲ್ಲಿ ಸೋರುತ್ತಿತ್ತು, ಮುಚ್ಚಿದ ಬಾಗಿಲು ಎಲ್ಲಿಗೆ ತೆರೆಯುತ್ತಿತ್ತು ಎಲ್ಲವೂ ಬರುತ್ತದೆ. ಒಪ್ಪಿಗೆಯನ್ನು ಲಿಖಿತವಾಗಿ ಪಡೆದು, ಬೇಡವೆಂದ ಭಾಗವನ್ನು ತೆಗೆದುಹಾಕಿ, ಒಂದೊಂದು ಮಾತನ್ನೂ ಕೇಳಿ ಬರೆದಿಳಿಸಿದವರ ಶ್ರಮ ಹೊರಗೆ ಕಾಣುವುದೇ ಇಲ್ಲ.

ಇನ್ನು ಇತಿಹಾಸದ ದಿನ. ಮುಚ್ಚಿದ ಪಾರಂಪರಿಕ ಕಟ್ಟಡಗಳ ಬಾಗಿಲನ್ನು ಜನರಿಗೆ ತೆರೆಯುವ ದಿನವನ್ನು ಫ್ರಾನ್ಸ್ 1984ರಲ್ಲಿ ಆರಂಭಿಸಿತು, 1991ರಲ್ಲಿ ಯುರೋಪ್ ಪರಿಷತ್ತು ಅದನ್ನು ಇತರ ದೇಶಗಳಿಗೂ ಹಬ್ಬಿಸಿತು. ಜನ ಒಳಗೆ ಬಂದು ಮುಟ್ಟಿ ನೋಡಿದ ಕಟ್ಟಡದ ಪರವಾಗಿ ಮಾತಾಡುವವರು ಮುಂದೆಯೂ ಇರುತ್ತಾರೆ. ಆದರೆ ಆ ಒಂದೇ ದಿನ ಕಟ್ಟಡಕ್ಕೆ ವರ್ಷದಲ್ಲೇ ಹೆಚ್ಚು ಹೊರೆ. ಮೆಟ್ಟಿಲ ಬುಡದಲ್ಲಿ ನಿಂತು, ಎಂಜಿನಿಯರ್ ಹೇಳಿದ ಸಂಖ್ಯೆಗಿಂತ ಒಬ್ಬರನ್ನೂ ಹೆಚ್ಚು ಮೇಲೆ ಬಿಡದ ಸ್ವಯಂಸೇವಕರು ಬೈಗುಳವನ್ನೂ ನಗುತ್ತ ಕೇಳಿಸಿಕೊಂಡರು. ಮರದ ಅಟ್ಟದ ಮೇಲೆ ಎಲ್ಲರೂ ಒಂದೇ ಕಿಟಕಿಯ ಕಡೆ ಗುಂಪುಗೂಡದ ಹಾಗೆ ನೋಡಿಕೊಂಡರು. ಫಲಕಗಳೆಲ್ಲ ತಮ್ಮ ಕಾಲ ಮೇಲೆ ನಿಂತವು, ಒಂದು ಮೊಳೆಯೂ ಗೋಡೆಗೆ ಇಳಿಯಲಿಲ್ಲ. ಅಂಟುಪಟ್ಟಿಯನ್ನೂ ಬಳಸಲಿಲ್ಲ, ಕಿತ್ತಾಗ ಸುಣ್ಣದ ಪದರವೂ ಜೊತೆಗೆ ಬರುತ್ತದೆ. ಗಾಲಿಕುರ್ಚಿಯ ಇಳಿಜಾರನ್ನು 1:12ರ ಏರಿನಲ್ಲಿ (ಹನ್ನೆರಡು ಅಡಿ ಉದ್ದಕ್ಕೆ ಒಂದು ಅಡಿ ಎತ್ತರ), ಕಲ್ಲಿಗೆ ತೂತು ಕೊರೆಯದೆ, ಬಿಚ್ಚಿ ತೆಗೆಯುವಂತೆ ಕೂರಿಸಿದ್ದರು. ಸುಣ್ಣದ ಗಾರೆಯ ಕೆಲಸ ಮಾಡಿ ನೋಡಲು ಇಟ್ಟ ಮೇಜಿನಲ್ಲಿ ಮಕ್ಕಳಿಗೆ ಗ್ಲೌಸ್, ಕನ್ನಡಕ ಹಾಕಿಸಿಯೇ ಕರಣೆ ಕೊಟ್ಟರು. ಮಾಗಿದ ಸುಣ್ಣವೂ ಚರ್ಮ ಸುಡುತ್ತದೆ.

ಗುರುತು ಸಿಗದ ಫೋಟೋಗಳ ನಕಲಿಗೆ ಸಂಖ್ಯೆ ಹಾಕಿ, ಪಕ್ಕದಲ್ಲಿ ಹಾಳೆ ಪೆನ್ಸಿಲ್ ಇಟ್ಟ ಮೂಲೆಯಲ್ಲಿ ಜನ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತರು. ಒಂದೇ ಮುಖಕ್ಕೆ ಇಬ್ಬರು ಬೇರೆ ಬೇರೆ ಹೆಸರು ಬರೆದ ಕಡೆ ಎರಡನ್ನೂ ದಾಖಲಿಸಿದ್ದೇವೆ, ತೀರ್ಪು ಕೊಟ್ಟಿಲ್ಲ. ಬರೆದ ಪ್ರತಿಯೊಬ್ಬರಿಗೂ ಧನ್ಯವಾದ.

ಕೊನೆಯದಾಗಿ, ನಿರ್ವಹಣಾ ಪುಸ್ತಕದಲ್ಲಿ ಹೆಸರು ಬರೆಸಿದವರಿಗೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಎಲೆ ಉದುರಿದ ಮೇಲೆ ಒಮ್ಮೆ ದೋಣಿ ಶುಚಿಮಾಡುವುದು, ಜೋರು ಮಳೆಯ ಮರುದಿನ ಅಟ್ಟ ಹತ್ತಿ ನೋಡುವುದು, ವರ್ಷಕ್ಕೊಮ್ಮೆ ತೊಲೆಯ ತುದಿಗಳ ತೇವ ಅಳೆಯುವುದು ಅವರ ಪಾಲಿಗೆ ಬಂದಿದೆ. ಉಳಿದ ಸುಣ್ಣ ಮುಚ್ಚಳದ ಡಬ್ಬಿಗಳಲ್ಲಿ ನೀರಿನಡಿ ಇದೆ, ನೀರು ಆರದಂತೆ ನೋಡಿಕೊಂಡರೆ ವರ್ಷಗಟ್ಟಲೆ ಕೆಡುವುದಿಲ್ಲ. ಬಳಸಿದ ಮರಳಿನ ಮಾದರಿ, ಗಾರೆಯ ಪ್ರಮಾಣ, ಪ್ರತಿ ಗೋಡೆಯ ಕೆಲಸದ ದಿನಾಂಕ ಅದೇ ಪುಸ್ತಕದ ಕೊನೆಯ ಪುಟಗಳಲ್ಲಿವೆ. ಮುಂದಿನ ಸಲ ಸಂದು ತುಂಬುವವರು ಅಲ್ಲಿಂದ ಶುರುಮಾಡಬಹುದು.