ಸರ್ಕಾರಿ ವೆಬ್‌ಸೈಟಿನಲ್ಲಿದೆ ಅಂದ ಮಾತ್ರಕ್ಕೆ ನಿಜವಲ್ಲ

ಮಾನ್ಯ ಸಂಪಾದಕರೇ,

ನಮ್ಮ ಬದಿಯಡ್ಕ ಕಡೆ ಅಡಿಕೆ ಮಾರಿದ ದುಡ್ಡು ಈಗ ಷೇರಿಗೂ ಹೋಗುತ್ತಿದೆ. ವಾಟ್ಸಾಪ್ ಗುಂಪೊಂದರ ಮಾತು ನಂಬಿ ನಾನೂ ಎರಡು ರೂಪಾಯಿಯ ಷೇರು ಕೊಂಡೆ. ಕಂಪನಿ ಅಸಲಿಯಾ ಅಂತ ಕೇಳಿದಾಗ ಗುಂಪಿನವರು ಕಂಪನಿಗಳನ್ನು ನೋಂದಾಯಿಸುವ ಸರ್ಕಾರಿ ಕಚೇರಿಯಾದ ಕಂಪನಿ ರಿಜಿಸ್ಟ್ರಾರ್‌ಗೆ ಸಲ್ಲಿಸಿದ ಲೆಕ್ಕಪತ್ರವನ್ನೇ ಕಳಿಸಿದರು, ಹೊಸ ನಿರ್ದೇಶಕರು, ಏರಿದ ವಹಿವಾಟು ಎಲ್ಲಾ ಅದರಲ್ಲಿತ್ತು, ಸರ್ಕಾರಿ ವೆಬ್‌ಸೈಟಿನಲ್ಲಿರುವುದು ಸುಳ್ಳಾಗುತ್ತದಾ ಅಂದುಕೊಂಡೆ. ದುಡ್ಡು ಹೋಯಿತು.

ಆಮೇಲೆ ಗೊತ್ತಾಯಿತು. ರಿಜಿಸ್ಟ್ರಾರ್‌ಗೆ ಬರುವ ಎಷ್ಟೋ ಫಾರಂಗಳನ್ನು ಅಧಿಕಾರಿ ನೋಡುವುದೇ ಇಲ್ಲ, ಆಡಿಟರ್ ಅಥವಾ ಕಂಪನಿ ಸೆಕ್ರೆಟರಿಯ ಡಿಜಿಟಲ್ ಸಹಿ ಇದ್ದರೆ ಕಂಪ್ಯೂಟರೇ ದಾಖಲಿಸಿಕೊಳ್ಳುತ್ತದೆ. ಮೋಸಗಾರರಿಗೆ ಅಷ್ಟೇ ಸಾಕು. ಮಲಗಿದ ಕಂಪನಿ ಹಿಡಿದು, ಕಾಗದದಲ್ಲೇ ವ್ಯಾಪಾರ ತೋರಿಸಿ, ತಮ್ಮೊಳಗೇ ಕೊಂಡು ಮಾರಿ ಬೆಲೆ ಏರಿಸಿ, ಕೊನೆಗೆ ನಮ್ಮ ತಲೆಗೆ ಕಟ್ಟುತ್ತಾರೆ.

2017ರಲ್ಲಿ ಸರ್ಕಾರ 2 ಲಕ್ಷಕ್ಕೂ ಜಾಸ್ತಿ ಕಂಪನಿಗಳ ಹೆಸರನ್ನೇ ನೋಂದಣಿ ಪಟ್ಟಿಯಿಂದ ತೆಗೆದುಹಾಕಿತು. ಅದೇ ವರ್ಷ ಶೆಲ್ ಕಂಪನಿ, ಅಂದರೆ ಕಾಗದದಲ್ಲಷ್ಟೇ ಇರುವ ಕಂಪನಿ, ಎಂಬ ಅನುಮಾನದ ಮೇಲೆ ಷೇರುಪೇಟೆಯಲ್ಲಿದ್ದ 331 ಕಂಪನಿಗಳ ಷೇರು ವಹಿವಾಟಿಗೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಕಡಿವಾಣ ಹಾಕಿತು.

ಲೆಕ್ಕಪತ್ರದಲ್ಲಿ ಲಾಭ ದಿಢೀರ್ ಹಾರಿದರೆ, ಆಡಿಟರ್ ಪದೇ ಪದೇ ಬದಲಾದರೆ ದಯವಿಟ್ಟು ದೂರ ಇರಿ. ಮೋಸ ಹೋಗಿದ್ದರೆ ನಾಚಿಕೆ ಬೇಡ, ಸೆಬಿಯ ಸ್ಕೋರ್ಸ್ ಪೋರ್ಟಲ್‌ನಲ್ಲಿ ದೂರು ಕೊಡಿ. ಸುಳ್ಳು ಲೆಕ್ಕಕ್ಕೆ ಸಹಿ ಹಾಕಿದ ಆಡಿಟರನ್ನೂ ಹಿಡಿಯಬೇಕು, ಅಲ್ವಾ?

ಒಬ್ಬ ಓದುಗ, ಬದಿಯಡ್ಕ, ಕಾಸರಗೋಡು